ಕೈಗೆ ಬಂದುದನ್ನು ಪ್ರಸಾದವೆಂದು ಕೊಳ್ಳುವ ಬಗೆ

ಲಿಂಗವಂತ ಗೃಹಸ್ಥನು ಉಣ್ಣಲು ಕುಳಿತಾಗ ಎಡೆಯನ್ನು ಮೊದಲು ಕರಸ್ಥಲದ ಇಷ್ಟಲಿಂಗಕ್ಕೆ ಅರ್ಪಿಸಿ, ಆ ಬಳಿಕ ತಾನು ಕೈಕೊಳ್ಳುವನು. ಅರ್ಪಿತವಾದ ಕ್ಷಣದಲ್ಲಿ ಅನ್ನಕ್ಕೆ ಅನ್ನವೆಂಬ ಹೆಸರು ಹೋಗಿ ಪ್ರಸಾದವೆಂಬ ಹೆಸರು ಬರುತ್ತದೆ. ಹೆಸರು ಬದಲಾದುದರಿಂದ ರುಚಿಯೇನೂ ಬದಲಾಗುವುದಿಲ್ಲ. ಉಪ್ಪು ಹೆಚ್ಚಾಗಿದ್ದರೆ ಹೆಚ್ಚಾಗಿಯೇ ಇರುತ್ತದೆ, ರೊಟ್ಟಿ ಸೀದಿದ್ದರೆ ಸೀದೇ ಇರುತ್ತದೆ. ಆದರೆ ಅರ್ಪಿತವಾದುದನ್ನು ಹಳಿಯಬಾರದು, ಎಡೆಯಲ್ಲಿ ಬಿಡಬಾರದು ಎಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಅಜ್ಜ ಅಜ್ಜಿಯರು ಎಡೆಯನ್ನು ಬೆರಳಿನಿಂದ ಬಳಿದು, ನೀರು ಹಾಕಿ ತೊಳೆದು ಕುಡಿಯುತ್ತಿದ್ದುದನ್ನು ಕಂಡವರು ಇಂದಿಗೂ ಇದ್ದಾರೆ. ದಿನಕ್ಕೆ ಎರಡು ಮೂರು ಸಲ ನಡೆಯುವ ಈ ಸಣ್ಣ ಆಚರಣೆಯಲ್ಲಿ ಒಂದು ದೊಡ್ಡ ಶಿಕ್ಷಣ ಅಡಗಿದೆ. ಬೇಡಿದ್ದು ಬಾರದೆ ಬೇಡದ್ದು ಬಂದಾಗ ಮನಸ್ಸು ಹೇಗಿರಬೇಕು ಎಂಬುದೇ ಆ ಶಿಕ್ಷಣ. ಎಡೆಯ ಮುಂದೆ ಅದನ್ನು ಚೆನ್ನಾಗಿ ಕಲಿತವರೂ ಬಾಳಿನ ಮುಂದೆ ಮರೆತುಬಿಡುವುದುಂಟು.

ಅಷ್ಟಾವರಣಗಳಲ್ಲಿ ಪ್ರಸಾದವು ಐದನೆಯದು. ಷಟ್‌ಸ್ಥಲಗಳಲ್ಲಿ ಮೂರನೆಯದಕ್ಕೆ ಅದರ ಹೆಸರನ್ನೇ ಇಟ್ಟಿದ್ದಾರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಕ್ರಮವನ್ನು ಬಾಲಕರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಪ್ರಸಾದಿಯು ಮೂರನೆಯವನೇಕೆ ಎಂಬುದನ್ನು ವಿಚಾರಿಸುವವರು ವಿರಳ. ಭಕ್ತನಲ್ಲಿ ಶ್ರದ್ಧೆ ಹುಟ್ಟುತ್ತದೆ, ಮಹೇಶನಲ್ಲಿ ಅದು ನಿಷ್ಠೆಯಾಗಿ ಗಟ್ಟಿಗೊಳ್ಳುತ್ತದೆ. ಅವೆರಡೂ ಆದಮೇಲೆ ಬರುವುದು ಅವಧಾನ, ಎಂದರೆ ಎಚ್ಚರ. ಪ್ರಸಾದಿಯ ಭಕ್ತಿಗೆ ಅವಧಾನ ಭಕ್ತಿಯೆಂದೇ ಹೆಸರು. ಬಂದುದನ್ನು ಕೈಕೊಳ್ಳುವುದೆಂದರೆ ಕಣ್ಣು ಮುಚ್ಚಿ ಸುಮ್ಮನೆ ಕುಳ್ಳಿರುವುದೆಂದು ತಿಳಿದವರು ಈ ಒಂದು ಮಾತನ್ನು ನೆನೆಯಬೇಕು. ಕಣ್ಣು ಮುಚ್ಚಿದವನಿಗೆ ಅವಧಾನವೆಲ್ಲಿಯದು? ಯಾವುದು ಅರ್ಪಿತ, ಯಾವುದು ಅನರ್ಪಿತ ಎಂದು ಪ್ರತಿಯೊಂದು ಪದಾರ್ಥದಲ್ಲಿಯೂ ನೋಡಿ ಕೊಳ್ಳುವವನೇ ಪ್ರಸಾದಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಸಾದಕ್ಕೆ ಮೊದಲು ಅರ್ಪಣೆ ನಡೆಯಬೇಕು. ಕೊಡದೆ ಕೊಂಡದ್ದು ಪ್ರಸಾದವಾಗದು. ರೈತನು ಬಿತ್ತುವಾಗ ಬೀಜವನ್ನೂ ಬೆವರನ್ನೂ ಶಿವನಿಗೆ ಕೊಟ್ಟಿದ್ದರೆ ಸುಗ್ಗಿಯಲ್ಲಿ ಬಂದ ಹತ್ತು ಚೀಲವೂ ಪ್ರಸಾದ, ಎರಡು ಚೀಲವೂ ಪ್ರಸಾದ. ಬಿತ್ತುವಾಗ ತನ್ನದೆಂದು ಬಿತ್ತಿ, ಬೆಳೆ ಕೆಟ್ಟಮೇಲೆ ಮಾತ್ರ ಶಿವನ ಇಚ್ಛೆಯೆಂದು ನಿಟ್ಟುಸಿರು ಬಿಟ್ಟರೆ ಅದು ಪ್ರಸಾದಬುದ್ಧಿಯಲ್ಲ, ಸೋತವನ ಸಮಾಧಾನ ಮಾತ್ರ. ಹತ್ತು ಚೀಲ ಬಂದ ವರ್ಷ ಆ ಮನೆಯಲ್ಲಿ ಶಿವನ ಇಚ್ಛೆಯ ಮಾತೇ ಏಳುವುದಿಲ್ಲವೆಂಬುದನ್ನು ಗಮನಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಹಣೆಬರಹವೆಂಬ ಮಾತು ಕನ್ನಡಿಗರ ನಾಲಗೆಯ ಮೇಲೆ ಸದಾ ಕುಣಿಯುತ್ತಿರುತ್ತದೆ. ಮಗನಿಗೆ ನೌಕರಿ ದೊರೆಯದಿದ್ದರೆ ಹಣೆಬರಹ, ಎತ್ತು ಸತ್ತರೆ ಹಣೆಬರಹ, ಮಗಳನ್ನು ಕೊಟ್ಟ ಮನೆ ಚೆನ್ನಾಗಿರದಿದ್ದರೆ ಹಣೆಬರಹ. ಲಿಂಗವಂತನ ಬಾಯಲ್ಲಿ ಈ ಮಾತು ಶೋಭಿಸದು. ಏತಕ್ಕೆಂದರೆ ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ತಲೆಯ ಮೇಲೆ ಹಸ್ತವನ್ನಿಟ್ಟು ಹಣೆಯ ಹಳೆಯ ಲಿಪಿಯನ್ನು ತೊಡೆದುಹಾಕುತ್ತಾನೆಂಬುದು ಶರಣರ ನಂಬುಗೆ. ಲಿಪಿ ಇದ್ದ ಸ್ಥಳದಲ್ಲಿ ಈಗ ವಿಭೂತಿ ಇದೆ. ಪ್ರತಿ ಬೆಳಗೂ ಅದೇ ಹಣೆಗೆ ವಿಭೂತಿ ಧರಿಸಿ, ಮಧ್ಯಾಹ್ನ ಅದೇ ಹಣೆಯನ್ನು ಬಡಿದುಕೊಂಡು ಬರೆಹವನ್ನು ಹಳಿಯುವವನು ಗುರುಕರುಣೆಯನ್ನು ಅರೆಮನಸ್ಸಿನಿಂದ ಪಡೆದವನೆಂದೇ ಹೇಳಬೇಕಾಗುತ್ತದೆ. ವಾರ, ತಿಥಿ, ನಕ್ಷತ್ರ, ಶಕುನಗಳನ್ನು ಬಸವಾದಿ ಪ್ರಮಥರು ಕಿತ್ತೊಗೆದುದೂ ಇದೇ ಕಾರಣದಿಂದ. ವಿಧಿಯು ಕುರುಡು, ಅದಕ್ಕೆ ಮುಖವಿಲ್ಲ; ಅದರೊಡನೆ ಮಾತನಾಡಲು ಬರುವುದಿಲ್ಲ. ಪ್ರಸಾದಕ್ಕೆ ಕೊಡುವವನೊಬ್ಬನಿದ್ದಾನೆ, ಅವನೊಡನೆ ಮಾತನಾಡಬಹುದು, ಜಗಳವನ್ನೂ ಆಡಬಹುದು.

ಎಣಿಸಿದಂತೆ ಬಾಳು ನಡೆಯದಾಗ ಶರಣನು ನಡೆದುಕೊಂಡ ರೀತಿಯನ್ನು ಅರಿಯಲು ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯಷ್ಟು ತುಂಬಿದ ನಿದರ್ಶನ ಬೇರೊಂದಿಲ್ಲ. ಹದಿಮೂರನೆಯ ಶತಮಾನದ ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ಅದನ್ನು ಹಾಡಿದ್ದಾನೆ. ಮುಂದಿನ ಭಾಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕಥೆಯನ್ನು ಬಲ್ಲವರು ಬಹಳ ಜನ. ಆದರೆ ಅದನ್ನು ಪವಾಡಗಳ ಮಾಲೆಯೆಂದು ಓದಿ ಮುಗಿಸುವುದು ವಾಡಿಕೆಯಾಗಿದೆ. ಒಬ್ಬ ಮನುಷ್ಯನ ಎಣಿಕೆ ಮೂರು ಸಲ ಮುರಿದು ಬಿದ್ದ ವೃತ್ತಾಂತವೆಂದು ಅದನ್ನು ಓದಿದರೆ ಗೃಹಸ್ಥನಿಗೆ ದೊರೆಯುವುದು ಹೆಚ್ಚು.

ಮುದ್ದಗೌಡ ಮತ್ತು ಸುಗ್ಗಲದೇವಿಯರ ಮಗನಾದ ಸಿದ್ಧರಾಮನು ಬಾಲ್ಯದಲ್ಲಿ ಮಂಕನಂತೆ ಇದ್ದನು. ಮಾತು ಕಡಮೆ, ಆಟವಿಲ್ಲ, ಪಾಠವಿಲ್ಲ. ಅವನನ್ನು ದನ ಕಾಯಲು ಕಳುಹಿಸಿದರು. ಒಂದು ದಿನ ಹೊಲದಲ್ಲಿ ಒಬ್ಬ ಜಂಗಮನು ಅವನ ಮುಂದೆ ಬಂದು ನಿಂತನು. ಶ್ರೀಶೈಲದ ಮಲ್ಲಯ್ಯನೆಂದು ತನ್ನ ಹೆಸರು ಹೇಳಿದನು. ಹಸಿವೆಂದನು, ಬಾಲಕನು ಎಳೆಯ ಬೆಳಸೆಯನ್ನು ಕೊಟ್ಟನು. ತಿಂದಮೇಲೆ ಹೊಟ್ಟೆ ಉರಿಯುತ್ತದೆಂದು ತಂಪಾದುದನ್ನು ಬೇಡಿದನು. ಬಾಲಕನು ಮನೆಗೆ ಓಡಿ ತಾಯಿಯಿಂದ ಇಸಿದುಕೊಂಡು, ಚೆಲ್ಲದಂತೆ ಹಿಡಿದುಕೊಂಡು ಓಡಿ ಬಂದನು. ಹೊಲದಲ್ಲಿ ಯಾರೂ ಇರಲಿಲ್ಲ.

ಆ ಬರಿದಾದ ಹೊಲದ ಮುಂದೆ ಓದುಗನು ಕೊಂಚ ನಿಲ್ಲಬೇಕು. ಬಾಲಕನು ಯಾವ ತಪ್ಪನ್ನೂ ಮಾಡಿರಲಿಲ್ಲ. ಬೇಡಿದ್ದನ್ನು ತರಲು ಹೋದನು, ತಡಮಾಡದೆ ಬಂದನು. ಆದರೂ ಕೈಯಲ್ಲಿ ಗಡಿಗೆ ಉಳಿಯಿತು, ಕುಡಿಯಬೇಕಾದವನು ಉಳಿಯಲಿಲ್ಲ. ಎಷ್ಟೋ ಮನೆಗಳ ದುಃಖ ಈ ಬಗೆಯದೇ ಆಗಿರುತ್ತದೆ. ರೋಗಿಯ ಔಷಧ ತರಲು ಪಟ್ಟಣಕ್ಕೆ ಹೋದ ಮಗನು ಮರಳುವಷ್ಟರಲ್ಲಿ ತಂದೆ ಇರುವುದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದವನಿಗೂ ಬರಿದಾದ ಹೊಲವೇ ಎದುರಾಗಬಹುದು. ಸಿದ್ಧರಾಮನು ಆಗ ಇದು ಮಲ್ಲಯ್ಯನ ಇಚ್ಛೆಯೆಂದು ಹೇಳಿ ದನಗಳ ಕಡೆಗೆ ತಿರುಗಲಿಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗಿ ಅತ್ತನು, ಹುಡುಕಿದನು, ದಾರಿಯಲ್ಲಿ ಸಿಕ್ಕ ಶ್ರೀಶೈಲದ ಯಾತ್ರಿಕರ ಜೊತೆಗೆ ಹೊರಟೇಬಿಟ್ಟನು. ಗುಡಿಯೊಳಗೆ ಅವರು ತೋರಿದ ಲಿಂಗವನ್ನು ಕಂಡು ತನ್ನ ಮಲ್ಲಯ್ಯ ಇವನಲ್ಲವೆಂದನು. ಬೆಟ್ಟ ಕಾಡುಗಳಲ್ಲಿ ಅರಸಿ ಅರಸಿ ಕೊನೆಗೆ ಆಳವಾದ ಕೊಳ್ಳದ ಅಂಚಿಗೆ ಬಂದು, ಧುಮುಕಲು ನಿಂತಾಗ ಮಲ್ಲಿನಾಥನು ಅವನ ಕೈಯನ್ನು ಹಿಡಿದನು.

ಈ ಅಳುವನ್ನು ಶಿವಕವಿಯು ದೋಷವೆಂದು ಎಣಿಸಲಿಲ್ಲ, ಶಿವನೂ ಎಣಿಸಲಿಲ್ಲ. ಅತ್ತವನ ಕೈಯನ್ನೇ ಅವನು ಹಿಡಿದುದು.

ಹಿಡಿದಮೇಲೆ ನಡೆದುದು ಇನ್ನೂ ವಿಚಿತ್ರ. ಬಾಲಕನು ಬಯಸಿದ್ದು ಶ್ರೀಶೈಲದಲ್ಲಿ ಮಲ್ಲಯ್ಯನ ಬಳಿ ಇದ್ದುಬಿಡುವುದನ್ನು. ಅವನಿಗೆ ದೊರೆತುದು ಮರಳಿ ಹೋಗೆಂಬ ಅಪ್ಪಣೆ. ಸೊನ್ನಲಿಗೆಗೇ ಹೋಗಿ, ಅಲ್ಲಿ ಗುಡಿ ಕೆರೆಗಳನ್ನು ಕಟ್ಟಿ, ಆ ಊರನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡಬೇಕೆಂದು ಅಪ್ಪಣೆಯಾಯಿತು. ಬಿಟ್ಟು ಬಂದ ಊರು, ಮಂಕನೆಂದು ಕರೆದ ಜನ, ಅದೇ ದನಗಳ ಧೂಳು. ಕೇಳಿದ ಬೆಟ್ಟ ದೊರೆಯದೆ ಕೇಳದ ಊರು ದೊರೆಯಿತು. ಅವನು ಮರಳಿದನು. ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನು, ಕೆರೆಯನ್ನು ತೋಡಿಸಿದನು.

ಆ ಕೆರೆಯ ವಿಷಯದಲ್ಲಿ ಒಂದು ಮಾತು. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಿಂದ ಮಹಾರಾಷ್ಟ್ರಕ್ಕೆ ಸೇರಿದೆ. ಅದು ಮಳೆ ಕಡಮೆಯಾದ ಸೀಮೆ, ಬರಗಾಲಕ್ಕೆ ಹಳೆಯ ಪರಿಚಯವುಳ್ಳ ಸೀಮೆ. ಮಳೆ ಬಾರದಿರುವುದು ಶಿವನ ಇಚ್ಛೆ, ಆದುದರಿಂದ ಬಾಯಾರಿಕೆಯನ್ನು ಸಹಿಸಿರಿ ಎಂದು ಸಿದ್ಧರಾಮೇಶ್ವರರು ಜನರಿಗೆ ಬೋಧಿಸಲಿಲ್ಲ. ಗುದ್ದಲಿ ಹಿಡಿಸಿದರು. ಬಾರದ ಮಳೆಯನ್ನು ಕುರಿತು ದೂರದೆ, ಬಂದಷ್ಟು ಮಳೆಯನ್ನು ನಿಲ್ಲಿಸಿ ಹಿಡಿದುದು ಪ್ರಸಾದಬುದ್ಧಿ. ಬಿದ್ದ ಹನಿಯನ್ನು ಹರಿದುಹೋಗಲು ಬಿಟ್ಟು ಆಕಾಶವನ್ನು ನೋಡುತ್ತ ಕುಳಿತರೆ ಅದು ಎಡೆಯಲ್ಲಿ ಪ್ರಸಾದವನ್ನು ಬಿಟ್ಟೆದ್ದಂತೆಯೇ ಸರಿ. ರೋಗ ಬಂದಾಗ ವೈದ್ಯನನ್ನು ಕರೆಯದೆ ಶಿವನ ಇಚ್ಛೆಯೆಂದು ಮಲಗಿಸುವವರಿಗೂ, ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗನಿಗೆ ಮತ್ತೊಮ್ಮೆ ಓದೆನ್ನದೆ ಸುಮ್ಮನಿರುವವರಿಗೂ ಸೊನ್ನಲಿಗೆಯ ಕೆರೆ ಉತ್ತರ ಹೇಳುತ್ತದೆ. ಆಗಿಹೋದುದನ್ನು ಕೈಕೊಳ್ಳಬೇಕು, ಆಗಬೇಕಾದುದಕ್ಕೆ ಕೈಹಚ್ಚಬೇಕು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಸುಲಭವಾಗಿತ್ತು. ದೇವರ ಅಪ್ಪಣೆಯಂತೆ ನಡೆದವನಿಗೆ ಇನ್ನೇನು ಕೊರತೆ? ಆದರೆ ಎರಡನೆಯ ಪೆಟ್ಟು ಬಂದುದು ಇಲ್ಲಿಯೇ. ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ಕೆರೆಯ ಕೆಲಸ ನಡೆದಿತ್ತು. ಅಲ್ಲಿ ಮಣ್ಣು ತೋಡುತ್ತಿದ್ದ ಒಡ್ಡರನ್ನು ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದರು. ಗುರುವನ್ನು ಹೀಗೆಂದುದಕ್ಕೆ ಕೆಲಸಗಾರರು ಕೆರಳಿ ಕಲ್ಲು ತೂರಿದರು. ಸುದ್ದಿ ತಿಳಿದು ಸಿದ್ಧರಾಮರೂ ಕೋಪದಿಂದ ಬಂದರು. ಅವರ ನೊಸಲಗಣ್ಣಿನ ಬೆಂಕಿಯೂ ಪ್ರಭುದೇವರನ್ನು ಮುಟ್ಟಲಿಲ್ಲವೆಂದು ಸಂಪಾದನೆಯಲ್ಲಿ ಹೇಳಿದೆ.

ಕೆರೆ ಕಟ್ಟಿಸುವುದೇ ತಪ್ಪೆಂದು ಪ್ರಭುದೇವರು ಹೇಳಿದರೆಂದು ಕೆಲವರು ಈ ಪ್ರಸಂಗವನ್ನು ವಿವರಿಸುವುದುಂಟು. ಅದು ಅವಸರದ ಅರ್ಥ. ಪ್ರಭುದೇವರು ಹಿಡಿದುದು ಕೆರೆಯನ್ನಲ್ಲ, ಕೆರೆಗೆ ಅಂಟಿಕೊಂಡಿದ್ದ ಮನಸ್ಸನ್ನು. ಹಿಂದೆ ದೇವರ ಇಚ್ಛೆಯೆಂದು ತಲೆಬಾಗಿ ಕೈಕೊಂಡ ಕಾರ್ಯವೇ ವರ್ಷಗಳು ಕಳೆದಂತೆ ತನ್ನ ಕಾರ್ಯವಾಗಿತ್ತು, ತನ್ನ ಪುಣ್ಯವಾಗಿತ್ತು. ಅದನ್ನು ಮುಟ್ಟಿದರೆ ಕೋಪ ಬರುವಷ್ಟು ತನ್ನದಾಗಿತ್ತು. ಒಂದು ಸಲ ಶಿವನ ಇಚ್ಛೆಗೆ ಒಪ್ಪಿದವನು ಎಂದೆಂದಿಗೂ ಒಪ್ಪಿದವನಲ್ಲವೆಂಬ ಈ ಮಾತು ಕಹಿಯಾದುದು. ವಿಧವೆಯಾದ ತಾಯಿಯೊಬ್ಬಳು ಗಂಡನ ಮರಣವನ್ನು ಧೈರ್ಯದಿಂದ ತಾಳಿಕೊಂಡು, ಮಗನನ್ನು ಸಾಕುವುದೇ ಶಿವನು ಕೊಟ್ಟ ಕಾಯಕವೆಂದು ಇಪ್ಪತ್ತು ವರ್ಷ ದುಡಿಯುತ್ತಾಳೆ. ಆ ಮಗನು ತನಗೊಪ್ಪಿದ ಕನ್ಯೆಯನ್ನು ವರಿಸಿ ದೂರದ ಊರಿಗೆ ಹೋದಾಗ ಅವಳ ತಾಳ್ಮೆ ಒಡೆಯುತ್ತದೆ. ಮೊದಲಿನ ಮರಣವನ್ನು ತಾಳಿದವಳಿಗೆ ಈ ಅಗಲಿಕೆ ತಾಳಲಾಗದೇಕೆ? ಪ್ರಸಾದವಾಗಿ ಬಂದುದು ನಡುವೆ ಎಲ್ಲಿಯೋ ಸ್ವತ್ತಾಗಿಬಿಟ್ಟಿರುತ್ತದೆ. ಆದುದರಿಂದಲೇ ಶರಣರು ಅರ್ಪಣೆಯನ್ನು ದಿನದಿನವೂ ಎಡೆಯೆಡೆಗೂ ಹೊಸದಾಗಿ ಮಾಡಬೇಕೆಂದು ವಿಧಿಸಿದುದು. ನಿನ್ನೆ ಅರ್ಪಿಸಿದೆನೆಂದು ಇಂದಿನ ಅನ್ನವನ್ನು ಹಾಗೆಯೇ ಉಣ್ಣಲು ಬರುವುದಿಲ್ಲ.

ಸಿದ್ಧರಾಮರು ಪ್ರಭುದೇವರೊಡನೆ ಕಲ್ಯಾಣಕ್ಕೆ ಹೊರಟರು. ಅಲ್ಲಿ ತಮಗಿಂತ ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಒಂದು ಊರಿಗೇ ಗುರುವಾಗಿದ್ದವರು ಕಿರಿಯನ ಮುಂದೆ ಕೈಯೊಡ್ಡಿ ಕುಳಿತ ದೃಶ್ಯವು ಹೊಲದ ಕಥೆಗಿಂತಲೂ, ಕೊಳ್ಳದ ಕಥೆಗಿಂತಲೂ ದೊಡ್ಡದು. ಅದರಲ್ಲಿ ಪವಾಡವೇನೂ ಇಲ್ಲದಿರುವುದರಿಂದ ಪುರಾಣಿಕರು ಅದನ್ನು ಬೇಗನೆ ದಾಟಿಹೋಗುತ್ತಾರೆ. ಮುಂದೆ ಅವರೇ ಶೂನ್ಯಪೀಠದ ಅಧ್ಯಕ್ಷರೂ ಆದರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಿಂದ ಉಳಿದುಬಂದಿರುವ ಅವರ ವಚನಗಳು ಸಾವಿರಕ್ಕೂ ಮಿಗಿಲಾಗಿವೆ.

ಮೂರನೆಯ ಮುರಿತ ಅವರೊಬ್ಬರದಲ್ಲ, ಕಲ್ಯಾಣದ ಶರಣರೆಲ್ಲರದು. ಸಮಗಾರ ಕುಲದಲ್ಲಿ ಹುಟ್ಟಿದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸರ ಮಗಳಿಗೂ ವಿವಾಹವಾಯಿತು. ಇಬ್ಬರೂ ಲಿಂಗವಂತರಾದ ಮೇಲೆ ಕುಲವೆಲ್ಲಿಯದೆಂಬುದು ಶರಣರ ನಿಲುವು. ಬಿಜ್ಜಳನ ಆಜ್ಞೆಯಂತೆ ಆ ತಂದೆಯರಿಗೆ ಎಳೆಹೂಟೆಯ ಘೋರ ಶಿಕ್ಷೆಯಾಯಿತೆಂಬುದು ಪರಂಪರೆಯ ಮಾತು. 1167ರ ಸುಮಾರಿಗೆ ಕಲ್ಯಾಣ ಒಡೆಯಿತು. ಬಸವಣ್ಣನವರು ಅಧಿಕಾರವನ್ನು ಬಿಟ್ಟು ಕೃಷ್ಣಾ ಮಲಪ್ರಭಾ ನದಿಗಳ ಕೂಡಲಸಂಗಮಕ್ಕೆ ಹೋದರು. ಚೆನ್ನಬಸವಣ್ಣನವರೂ ಇತರ ಶರಣರೂ ಉಳವಿಯ ಕಡೆಗೆ ನಡೆದರು. ಕಟ್ಟಿದ ಮಹಾಮನೆ ಬರಿದಾಯಿತು.

ಇಲ್ಲಿ ಶಿವೇಚ್ಛೆಯೆಂಬ ಮಾತನ್ನು ಬಹಳ ಎಚ್ಚರಿಕೆಯಿಂದ ಬಳಸಬೇಕು. ಹುಟ್ಟಿನಿಂದ ಮೇಲು ಕೀಳೆಂಬ ಕಟ್ಟು ಕೂಡ ದೇವರ ಇಚ್ಛೆಯೆಂದೇ ಅಂದಿನ ಲೋಕ ಹೇಳುತ್ತಿತ್ತು. ಶರಣರು ಆ ಮಾತನ್ನು ಒಪ್ಪಲಿಲ್ಲ. ಒಪ್ಪಿದ್ದರೆ ವಿವಾಹವೂ ಇಲ್ಲ, ಶಿಕ್ಷೆಯೂ ಇಲ್ಲ. ಅನ್ಯಾಯವನ್ನು ಅವರು ಪ್ರಸಾದವೆಂದು ಕೊಳ್ಳಲಿಲ್ಲ. ಅನ್ಯಾಯವನ್ನು ಎದುರಿಸಿದುದರಿಂದ ತಮ್ಮ ಪಾಲಿಗೆ ಬಂದ ಫಲವನ್ನು ಕೊಂಡರು. ಈ ಎರಡರ ನಡುವಣ ಗೆರೆಯನ್ನು ಅಳಿಸಿದರೆ ಶರಣಧರ್ಮವೇ ಅಳಿಯುತ್ತದೆ. ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೊಂಡಿರುವುದೇ ಶಿವನ ಇಚ್ಛೆಯೆಂದು ಸೊಸೆಗೆ ಉಪದೇಶಿಸುವ ಅತ್ತೆ, ಕೂಲಿಯನ್ನು ಕಡಮೆ ಕೊಟ್ಟು ಸಂತೃಪ್ತಿಯ ಪಾಠ ಹೇಳುವ ಒಡೆಯ, ಇವರು ಪ್ರಸಾದತತ್ತ್ವವನ್ನು ತಲೆಕೆಳಗು ಮಾಡುವವರು. ಎಡೆಗೆ ವಿಷವನ್ನು ಬಡಿಸಿದವನಿಗೆ ಪ್ರಸಾದವನ್ನು ಹಳಿಯಬೇಡವೆಂದು ಹೇಳುವ ಅಧಿಕಾರ ಎಲ್ಲಿಂದ ಬರಬೇಕು?

ಕಲ್ಯಾಣವು ಒಡೆದುದರಿಂದಲೇ ವಚನಗಳು ನಾಡೆಲ್ಲ ಹರಡಿದುವು, ಆದುದರಿಂದ ಅದೂ ಒಳಿತಿಗೇ ಆಯಿತೆಂದು ಹೇಳುವವರಿದ್ದಾರೆ. ಹರಡಿದುದು ನಿಜ. ತಾಳೆಯೋಲೆಯ ಕಟ್ಟುಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ಬಟ್ಟೆಯಲ್ಲಿ ಸುತ್ತಿ ಪೂಜೆಗೊಳ್ಳುತ್ತ ಉಳಿದುವು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಅವುಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನೂ, 1926ರಿಂದ ಶಿವಾನುಭವ ಪತ್ರಿಕೆಯನ್ನೂ ಹೊರತಂದರು. ಅದಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಆದರೆ ಏಳೂವರೆ ಶತಮಾನದ ಮೇಲೆ ಪುಸ್ತಕ ದೊರೆಯಿತೆಂದು ಹರಳಯ್ಯನವರ ಸಾವು ಸಾವಲ್ಲದಾಗುವುದಿಲ್ಲ. ಕೆಡುಕಿನ ಹಿಂದೆ ಒಂದು ಒಳಿತನ್ನು ತೋರಿಸಿ ಕೆಡುಕನ್ನೇ ಒಳಿತೆಂದು ಲೆಕ್ಕ ಸರಿಮಾಡುವುದು ವ್ಯಾಪಾರಿಯ ಬುದ್ಧಿ. ಕಲ್ಯಾಣದಿಂದ ಹೊರಟವರ ಕೈಯಲ್ಲಿ ಆ ಲೆಕ್ಕವಿರಲಿಲ್ಲ. ಮುಂದೆ ಯಾರು ಓದುವರೋ ಓದಲಾರರೋ ತಿಳಿಯದೆಯೇ ಅವರು ಓಲೆಗಳನ್ನು ಹೊತ್ತು ನಡೆದರು. ಫಲವನ್ನು ಕಂಡು ಒಪ್ಪುವುದು ಯಾರಿಗೂ ಸಾಧ್ಯ. ಅವರು ಕಾಣದೆಯೇ ಒಪ್ಪಿದರು.

ಎಣಿಸಿದ್ದಕ್ಕಿಂತ ಕಡಮೆ ಬಂದಾಗಿನ ಮಾತು ಇಷ್ಟಾಯಿತು. ಹೆಚ್ಚು ಬಂದರೆ? ಇದನ್ನು ಯಾರೂ ಸಂಕಟವೆಂದು ತಿಳಿಯುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನವರು ಮಾತ್ರ ತಿಳಿದರು. ಗಂಡನಾದ ಮಾರಯ್ಯನವರು ನಿತ್ಯದಂತೆ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರಲು ಹೋಗಿ ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದರು. ದಾಸೋಹಕ್ಕೆ ಬೇಕಾದಷ್ಟಕ್ಕೆ ಮಿಕ್ಕುದು ಆಸೆಯ ಫಲವೆಂದು ಆ ತಾಯಿ ಕಂಡುಕೊಂಡರು. ಇದ್ದಲ್ಲಿಗೇ ಸುರಿದು ಬನ್ನಿರೆಂದು ಮರಳಿ ಕಳುಹಿಸಿದರು. ಅನಿರೀಕ್ಷಿತವಾಗಿ ಬಂದುದೆಲ್ಲವೂ ಪ್ರಸಾದವಲ್ಲವೆಂಬ ವಿವೇಕ ಇದು. ನಷ್ಟದಲ್ಲಿ ಶಿವನನ್ನು ನೆನೆಯುವ ಗೃಹಸ್ಥನು ಅಕಸ್ಮಾತ್ತಾಗಿ ಬಂದ ಲಾಭದಲ್ಲಿಯೂ ಇದು ಯಾರ ಪಾಲಿನದೆಂದು ಒಮ್ಮೆ ಕೇಳಿಕೊಂಡರೆ, ಮುಂದೊಂದು ದಿನ ನಷ್ಟ ಬಂದಾಗ ಅವನಿಗೆ ಹಾದಿ ಅಪರಿಚಿತವೆನಿಸದು.

ಇನ್ನು ಸಾವಿನ ಮನೆಯ ಮಾತು. ಚಿಕ್ಕ ಮಗುವನ್ನು ಕಳೆದುಕೊಂಡ ತಾಯಿಯ ಬಳಿಗೆ ನೆರೆಹೊರೆಯವರು ಬಂದು, ಶಿವನು ಕೊಟ್ಟಿದ್ದ, ಶಿವನೇ ಕರೆದುಕೊಂಡ, ಅಳಬೇಡವೆಂದು ಹೇಳುವುದು ಎಲ್ಲ ಊರುಗಳಲ್ಲಿಯೂ ನಡೆದುಬಂದಿದೆ. ಮಾತು ತತ್ತ್ವಕ್ಕೆ ವಿರುದ್ಧವಾದುದಲ್ಲ. ಆದರೆ ಯಾರ ಬಾಯಿಂದ ಯಾವಾಗ ಬರಬೇಕೆಂಬುದು ಮುಖ್ಯ. ಅರ್ಪಣೆಯನ್ನು ಉಣ್ಣುವವನೇ ಮಾಡಬೇಕು. ಒಬ್ಬನ ಎಡೆಯನ್ನು ಇನ್ನೊಬ್ಬನು ಅರ್ಪಿಸಲಾಗದು. ತಾಯಿಯು ಎಂದೋ ಒಂದು ದಿನ ತಾನಾಗಿ ಆ ಮಾತನ್ನು ಆಡಿದರೆ ಅದು ಮಹಾವಚನಕ್ಕೆ ಸಮಾನ. ಆಡದೇ ಹೋದರೂ ಅವಳ ಭಕ್ತಿಗೆ ಕುಂದಿಲ್ಲ. ಬಂದವರು ಹೇಳಬೇಕಾದುದು ಬಹಳವಿಲ್ಲ, ಮಾಡಬೇಕಾದುದು ಬಹಳವಿದೆ. ಒಲೆ ಹಚ್ಚಬೇಕು, ನೀರು ತರಬೇಕು, ದನಕ್ಕೆ ಮೇವು ಹಾಕಬೇಕು, ಉಳಿದ ಮಕ್ಕಳಿಗೆ ಉಣಬಡಿಸಬೇಕು. ಇದೂ ದಾಸೋಹವೇ.

ಶಿವನೊಡನೆ ಜಗಳವಾಡುವುದು ಭಕ್ತಿಗೆ ಹೊರತಾದುದೆಂದು ಅಂಜುವವರು ವಚನಗಳನ್ನು ತೆರೆದು ನೋಡಬೇಕು. ಬಸವಣ್ಣನವರು ಕೂಡಲಸಂಗಮದೇವನನ್ನು ಎಷ್ಟು ಸಲ ಪ್ರಶ್ನಿಸಿದ್ದಾರೆ, ಎಷ್ಟು ಸಲ ದೂರಿದ್ದಾರೆ, ಕರುಣೆಯಿಲ್ಲದವನೆಂದು ಎಷ್ಟು ಸಲ ಹಳಿದಿದ್ದಾರೆ! ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನು ಕಾಣದಿದ್ದಾಗ ಗಿಳಿ ಕೋಗಿಲೆಗಳನ್ನು ಕೇಳುತ್ತ ಅಲೆದರು. ಆ ವಚನಗಳನ್ನು ಸಂಪಾದಿಸಿದ ಹಿರಿಯರು ದೂರುಗಳನ್ನು ತೆಗೆದುಹಾಕಿ ಶರಣಾಗತಿಯ ಮಾತುಗಳನ್ನು ಮಾತ್ರ ಉಳಿಸಲಿಲ್ಲ. ಎರಡನ್ನೂ ಒಂದೇ ಕಟ್ಟಿನಲ್ಲಿ ಇಟ್ಟರು. ದೂರುವವನು ಇನ್ನೂ ಶಿವನ ಕಡೆಗೇ ಮುಖ ಮಾಡಿಕೊಂಡಿದ್ದಾನೆ. ಮುಖ ತಿರುಗಿಸಿದವನು ದೂರುವುದನ್ನೂ ಬಿಟ್ಟಿರುತ್ತಾನೆ. ಅವನ ವಿಷಯದಲ್ಲಿ ಮನೆಯವರು ಎಚ್ಚರವಾಗಿರಬೇಕು.

ಗೃಹಸ್ಥರಿಗೆ ಉಪಯೋಗವಾಗುವಂತಹ ಒಂದು ಕ್ರಮವನ್ನು ಇಲ್ಲಿ ಹೇಳಬಹುದು. ಎಣಿಸಿದ ಕಾರ್ಯ ಕೆಟ್ಟ ದಿನ ಸಂಜೆಯ ಲಿಂಗಪೂಜೆಯನ್ನು ಬಿಡಬಾರದು. ಬಿಡಬೇಕೆನಿಸುವುದು ಆ ದಿನವೇ. ಮನಸ್ಸು ನಿಲ್ಲದಿದ್ದರೂ ಲಿಂಗವನ್ನು ಕರಸ್ಥಲಕ್ಕೆ ತರಬೇಕು. ನಡೆದುದನ್ನು ನಡೆದಂತೆ, ಬಣ್ಣ ಹಚ್ಚದೆ, ಮಾತಿನಲ್ಲಿ ಹೇಳಬೇಕು. ಸಾಲ ತೀರಲಿಲ್ಲ, ಹೊಲ ಹೋಯಿತು, ಮಗಳ ನಿಶ್ಚಿತಾರ್ಥ ಮುರಿಯಿತು. ಇದನ್ನು ಒಳ್ಳೆಯದೆಂದು ಕರೆಯಬೇಕಾಗಿಲ್ಲ. ಪದಾರ್ಥವನ್ನು ಅದಿರುವಂತೆಯೇ ಅರ್ಪಿಸುವುದು ಪದ್ಧತಿ. ಕಹಿಯನ್ನು ಸಿಹಿಯೆಂದು ಹೇಳಿ ಅರ್ಪಿಸುವುದು ಪದ್ಧತಿಯಲ್ಲ. ಹೇಳಿ ಮುಗಿದಮೇಲೆ ನಾಳಿನ ಬೆಳಗ್ಗೆ ಮಾಡಬೇಕಾದ ಒಂದು ಕೆಲಸವನ್ನು, ಒಂದನ್ನೇ, ನಿಶ್ಚಯಿಸಿಕೊಳ್ಳಬೇಕು. ಆ ರಾತ್ರಿಯೇ ಮನಸ್ಸಿಗೆ ಶಾಂತಿ ದೊರೆಯುವುದೆಂದು ಯಾರೂ ಮಾತು ಕೊಡಲಾರರು. ಸಿದ್ಧರಾಮೇಶ್ವರರಿಗೂ ಹೊಲದಿಂದ ಕೊಳ್ಳದವರೆಗೆ ಬಹಳ ದೂರ ನಡೆಯಬೇಕಾಯಿತು.

ಕಲ್ಯಾಣ ಒಡೆದಮೇಲೆ ಅವರು ಸೊನ್ನಲಿಗೆಗೇ ಮರಳಿದರೆಂದು ಪರಂಪರೆ ಹೇಳುತ್ತದೆ. ಶೂನ್ಯಪೀಠವಿರಲಿಲ್ಲ, ಅನುಭವಮಂಟಪದ ಗೋಷ್ಠಿಯಿರಲಿಲ್ಲ. ಹಿಂದೊಮ್ಮೆ ತನ್ನದೆಂದು ಕೋಪಗೊಂಡಿದ್ದ ಅದೇ ಕೆರೆ ಇತ್ತು, ನೀರಿತ್ತು, ನೀರಿಗೆ ಬರುವ ಜನರಿದ್ದರು. ಅಲ್ಲಿಯೇ ಅವರು ಲಿಂಗೈಕ್ಯರಾದರು. ಕೆರೆಯ ನಡುವೆ ನಿಂತಿರುವ ಗುಡಿಯಲ್ಲಿ ಅವರ ಗದ್ದುಗೆಯಿದೆ. ಮಕರ ಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ಎತ್ತರವಾದ ನಂದಿಧ್ವಜಗಳನ್ನು ಹೊತ್ತು ನಡೆಯುವ ಭಕ್ತರು ಇಂದಿಗೂ ಆ ಕೆರೆಯ ದಂಡೆಯ ಮೇಲೆ ಕೂಡುತ್ತಾರೆ. ಕನ್ನಡ ಮಾತನಾಡುವವರೂ ಮರಾಠಿ ಮಾತನಾಡುವವರೂ ಆ ಗುಂಪಿನಲ್ಲಿ ಬೆರೆತಿರುತ್ತಾರೆ.